ಜೊತೆಗಾರನ ಜಗಳ: ಲಾಭ ಯಾರಿಗೆ?

ಸಂಘದ ಕೋಣೆಗೆ ಬಂದು ಕೂಡ್ರುವವರ ತಕರಾರುಗಳನ್ನು ಒಂದು ತಿಂಗಳು ಕಿವಿಗೊಟ್ಟು ಕೇಳಿದವರಿಗೆ ಒಂದು ಸಂಗತಿ ಗೊತ್ತಾಗುವದು. ಪಗಾರದ ಮಾತು ಬರುತ್ತದೆ, ಬೋನಸ್ಸಿನ ಮಾತು ಬರುತ್ತದೆ. ಆದರೆ ಬಾಯಿಬಿಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಹೇಳುವ ಮಾತು ಬೇರೆಯೇ ಇರುತ್ತದೆ. “ಆ ಪಕ್ಕದ ಮಗ್ಗದವನ ಜೊತೆ ನನಗೆ ಆಗುವದಿಲ್ಲ.” “ಕಚೇರಿಯಲ್ಲಿ ಆ ಗುಮಾಸ್ತ ತನ್ನ ಕೆಲಸವನ್ನೆಲ್ಲ ನನ್ನ ಮೇಲೆ ಹೇರುತ್ತಾನೆ.” “ಅವಳು ನಮ್ಮ ಮಾತನ್ನೆಲ್ಲ ಸಾಹೇಬರ ಕಿವಿಗೆ ಹಾಕುತ್ತಾಳೆ.” ಮಾಲಕನ ಮೇಲೆ ಇರುವ ಸಿಟ್ಟು ವರ್ಷಕ್ಕೊಮ್ಮೆ ಏಳುವಂಥದು. ಜೊತೆಗಾರನ ಮೇಲಿನ ಸಿಟ್ಟು ದಿನಾಲು ಬುತ್ತಿಯ ಜೊತೆಗೆ ಮನೆಗೆ ಹೋಗಿ, ಮರುದಿನ ಬುತ್ತಿಯ ಜೊತೆಗೇ ಮರಳಿ ಬರುವಂಥದು.

ಇದು ಸಣ್ಣ ಮಾತು, ಹೆಂಗಸರು ನಳದ ಕಟ್ಟೆಯ ಮೇಲೆ ಆಡುವ ಮಾತು ಎಂದು ನಮ್ಮ ಕೆಲವು ಮುಖಂಡರು ನಕ್ಕು ಬಿಡುತ್ತಾರೆ. ಹಾಗೆ ನಗುವದು ಎರಡು ರೀತಿಯಿಂದ ತಪ್ಪು. ನಳದ ಕಟ್ಟೆಯ ಮಾತೂ ಸಣ್ಣದಲ್ಲ. ನೀರು ಸಾಲದ್ದಕ್ಕೇ ಅಲ್ಲಿ ಜಗಳ. ಮೇಲಾಗಿ, ದುಡಿಯುವವನು ಎಚ್ಚರಿರುವ ಹೊತ್ತಿನ ದೊಡ್ಡ ಭಾಗವನ್ನು ಕಳೆಯುವದು ಹೆಂಡತಿ ಮಕ್ಕಳ ಜೊತೆಗಲ್ಲ, ಪಕ್ಕದ ಯಂತ್ರದವನ ಜೊತೆಗೆ. ಆ ಹೊತ್ತು ನರಕವಾದರೆ ಪಗಾರ ಎರಡು ರೂಪಾಯಿ ಹೆಚ್ಚಾದರೂ ಬಾಳು ಹಸನಾಗುವದಿಲ್ಲ. ಮತ್ತು ಮಾತನಾಡದ ಇಬ್ಬರು ಒಂದೇ ಬೇಡಿಕೆಯ ಕಾಗದಕ್ಕೆ ಮನಸ್ಸಿನಿಂದ ಸಹಿ ಹಾಕುವದೂ ಇಲ್ಲ.

ಆದ್ದರಿಂದ ಈ ವಿಷಯವನ್ನು ನೆಟ್ಟಗೆ ವಿಚಾರಿಸೋಣ. ನಾನು ಹೇಳಬೇಕೆಂದಿರುವದು ಇಷ್ಟೇ: ಜೊತೆಗಾರನನ್ನು ತೂಗುವ ಮೊದಲು ನಿಮ್ಮಿಬ್ಬರ ನಡುವೆ ಇರುವ ಕೆಲಸದ ಏರ್ಪಾಡನ್ನು ತೂಗಿರಿ. ತಪ್ಪು ಏರ್ಪಾಡಿನದಾದರೆ ಇಬ್ಬರೂ ಕೂಡಿ ಅದನ್ನು ತಿದ್ದಿಸಿರಿ. ತಪ್ಪು ಮನುಷ್ಯನದಾದರೆ ಅವನ ಮುಖಕ್ಕೆ ಹೇಳಿರಿ, ಆಮೇಲೆ ನಾಲ್ಕು ಜನರ ಮುಂದೆ ಹೇಳಿರಿ. ಆದರೆ ಜಾತಿಯ ಅವಮಾನ, ಹೆಣ್ಣಿನ ಮೇಲೆ ಕಣ್ಣು ಹಾಕುವದು, ಜೀವಕ್ಕೆ ಅಪಾಯ ತರುವದು, ಈ ಮೂರನ್ನು ಮಾತ್ರ ಒಗ್ಗಟ್ಟಿನ ಹೆಸರಿನಲ್ಲಿ ಮುಚ್ಚಿಡಬೇಡಿರಿ.

ಪಾಟಿ ಎಣಿಸುವ ಲೆಕ್ಕ

ಸಾಲೆಯಲ್ಲಿ ಕಲಿಸಿದವನಿಗೆ ಒಂದು ಪಾಠ ಬೇಗ ತಿಳಿಯುತ್ತದೆ. ಇಬ್ಬರು ಹುಡುಗರು ಒಂದು ಪಾಟಿಗಾಗಿ ಕಿತ್ತಾಡುತ್ತಿದ್ದರೆ ಯಾವನು ಪುಂಡ ಎಂದು ಹುಡುಕುವದಕ್ಕಿಂತ ಮೊದಲು ಪಾಟಿ ಎಷ್ಟಿವೆ, ಹುಡುಗರು ಎಷ್ಟಿದ್ದಾರೆ ಎಂದು ಎಣಿಸಬೇಕು. ಹುಡುಗರು ಹೆಚ್ಚು, ಪಾಟಿ ಕಡಿಮೆ ಇದ್ದರೆ ಜಗಳ ನಾಳೆಯೂ ಆಗುತ್ತದೆ, ನಾಡದೂ ಆಗುತ್ತದೆ. ಜಗಳಾಡುವ ಹುಡುಗರ ಹೆಸರು ಮಾತ್ರ ಬದಲಾಗುತ್ತದೆ.

ವಡಗಾವಿ, ಖಾಸಬಾಗ, ಶಹಾಪುರಗಳ ಮಗ್ಗದ ಶೆಡ್ಡುಗಳಲ್ಲಿ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಈ ಜಾತಿಯವು. ಇಲ್ಲಿ ಕೂಲಿ ಸೀರೆಯ ಲೆಕ್ಕದ ಮೇಲೆ. ಹಗಲು ಪಾಳಿಯವನು ಬಿಡುವ ಹೊತ್ತಿಗೆ ಹಾಸಿನಲ್ಲಿ ಹತ್ತೆಂಟು ಎಳೆ ಹರಿದಿವೆ ಎನ್ನಿರಿ. ಅವನ್ನು ಜೋಡಿಸುತ್ತ ಕೂತರೆ ಅವನಿಗೆ ಬಿಡಿಗಾಸು ಸಿಗುವದಿಲ್ಲ. ಕೈ ತೊಳೆದುಕೊಂಡು ಹೋಗಿಬಿಡುತ್ತಾನೆ. ರಾತ್ರಿ ಪಾಳಿಯವನು ಬಂದು ನೋಡಿದರೆ ಮಗ್ಗ ನಿಂತಿದೆ. ಅರ್ಧ ತಾಸು, ಮುಕ್ಕಾಲು ತಾಸು ಅವನ ಹೊಟ್ಟೆಗೆ ಪೆಟ್ಟು. ಮರುದಿನ ಬೆಳಿಗ್ಗೆ ಅವನೂ ಹಾಗೆಯೇ ಬಿಟ್ಟು ಹೋಗುತ್ತಾನೆ, ಸೇಡಿಗೆ. ಒಂದು ವಾರದಲ್ಲಿ ಇಬ್ಬರೂ ಒಬ್ಬರ ತಂದೆ ತಾಯಿಯನ್ನು ಒಬ್ಬರು ಬೈಯುತ್ತಾರೆ. ಹೀಗೆ ಕೈಕೈ ಮಿಲಾಯಿಸಿದ ಇಬ್ಬರ ಪಂಚಾಯ್ತಿಗೆ ನಾನು ಒಮ್ಮೆ ಕೂತಿದ್ದೆ. ಇಬ್ಬರೂ ಒಳ್ಳೆಯ ನೇಕಾರರು, ಇಬ್ಬರೂ ಸಾಲಗಾರರು. ಮಾಲಕನು ಇಬ್ಬರಿಗೂ ಒಂದೊಂದು ದಿನದ ಕೂಲಿ ಹಿಡಿದಿದ್ದ.

ಅಲ್ಲಿ ಯಾರು ಕೆಟ್ಟವರು? ಎಳೆ ಹರಿಯುವದು ನೂಲಿನ ದೋಷ. ಹರಿದ ಎಳೆ ಜೋಡಿಸುವ ಹೊತ್ತಿಗೆ ಕೂಲಿ ಇಲ್ಲದಿರುವದು ಏರ್ಪಾಡಿನ ದೋಷ. ಈ ಎರಡನ್ನೂ ಬಿಟ್ಟು ಅವರು ಒಬ್ಬರ ಕೊರಳುಪಟ್ಟಿಯನ್ನು ಒಬ್ಬರು ಹಿಡಿದಿದ್ದರು. ಕೊನೆಗೆ ಒಂದು ಕಟ್ಟು ಮಾಡಿದೆವು: ಪಾಳಿ ಬದಲಾಗುವಾಗ ಇಬ್ಬರೂ ಹತ್ತು ನಿಮಿಷ ಮಗ್ಗದ ಮುಂದೆ ನಿಲ್ಲಬೇಕು, ಹರಿದ ಎಳೆಗಳನ್ನು ಕೂಡಿ ಜೋಡಿಸಬೇಕು, ಹತ್ತಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಅದನ್ನು ಗೋಡೆಯ ಮೇಲಿನ ಹಲಗೆಯಲ್ಲಿ ಬರೆಯಬೇಕು. ಹಲಗೆ ತುಂಬಿದ ಮೇಲೆ ಅದನ್ನು ತೋರಿಸಿ ಮಾಲಕನ ಹತ್ತಿರ ನೂಲಿನ ಮಾತು, ಕೂಲಿಯ ಮಾತು ಎತ್ತಿದವರು ಆ ಇಬ್ಬರೇ. ಮೊದಲು ಜಗಳವಾಗಿದ್ದದ್ದು ಆಮೇಲೆ ಬೇಡಿಕೆಯಾಯಿತು.

ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿಯೂ ಇದೇ ಕಥೆ ಬೇರೆ ವೇಷದಲ್ಲಿದೆ. ಅಚ್ಚು ಕಟ್ಟುವವನು ಅವಸರ ಮಾಡಿದರೆ ಎರಕದ ಮಾಲಿನಲ್ಲಿ ತೂತು ಬೀಳುತ್ತದೆ. ಅದು ಗೊತ್ತಾಗುವದು ಮುಂದಿನ ಖಾತೆಯವನು ಅದನ್ನು ತಿಕ್ಕಿ, ಕೊರೆದು, ಅರ್ಧ ದಿನ ಮೈಮುರಿದ ಮೇಲೆ. ಅವನ ಶ್ರಮ ಮಣ್ಣುಪಾಲು. ಅವನು ಅಚ್ಚಿನವನನ್ನು ಬೈಯುತ್ತಾನೆ. ಅಚ್ಚಿನವನಿಗೆ ದಿನಕ್ಕೆ ಇಷ್ಟು ಅಚ್ಚು ಎಂದು ಗೊತ್ತು ಮಾಡಿದವರು ಯಾರು? ಅವನ ಮರಳು ಹಸಿ ಇದ್ದುದನ್ನು ನೋಡಬೇಕಾದವರು ಯಾರು? ಈ ಪ್ರಶ್ನೆ ಕೇಳದೆ ಅಚ್ಚಿನವನನ್ನು ಮೈಗಳ್ಳನೆಂದರೆ ಅದು ಅರ್ಧ ಸತ್ಯ.

ಇನ್ನು ಕಚೇರಿ. ಕಚೇರಿಯವರು ತಮ್ಮನ್ನು ಕಾಮಗಾರರೆಂದು ತಿಳಿಯುವದಿಲ್ಲ. ಜಗಳ ಮಾತ್ರ ಕಾಮಗಾರರದೇ. ಐದು ಜನರ ಕೆಲಸಕ್ಕೆ ಮೂರು ಜನ ಇರುತ್ತಾರೆ. ಇಬ್ಬರ ಜಾಗ ವರ್ಷಗಟ್ಟಲೆ ಖಾಲಿ. ಒಬ್ಬ ಕಾಯಮ್ ನೌಕರ, ಇನ್ನೊಬ್ಬ ಗುತ್ತಿಗೆಯವ. ಕೆಲಸ ಒಂದೇ, ಪಗಾರ ಬೇರೆ ಬೇರೆ. ಕಾಯಮಿನವನು ಐದು ಗಂಟೆಗೆ ಚೀಲ ಹೆಗಲಿಗೇರಿಸಿ ನಡೆಯುತ್ತಾನೆ. ಗುತ್ತಿಗೆಯವನು ಏಳರವರೆಗೆ ಕೂತು ಅವನ ಕಡತವನ್ನೂ ಮುಗಿಸುತ್ತಾನೆ, ಮುಂದಿನ ವರ್ಷ ಗುತ್ತಿಗೆ ತಪ್ಪೀತೆಂಬ ಅಂಜಿಕೆಯಿಂದ. ಗುತ್ತಿಗೆಯವನ ದೃಷ್ಟಿಯಲ್ಲಿ ಮೊದಲನೆಯವನು ಮೈಗಳ್ಳ. ಕಾಯಮಿನವನ ದೃಷ್ಟಿಯಲ್ಲಿ ಎರಡನೆಯವನು ಸಾಹೇಬರ ಬಾಲ. ಖಾಲಿ ಇರುವ ಎರಡು ಕುರ್ಚಿಗಳನ್ನು ಇಬ್ಬರೂ ನೋಡುವದಿಲ್ಲ.

ಖಾನಾಪುರದ ಗಾಡಿ

ತಡವಾಗಿ ಬರುವವನ ಮೇಲಿನ ಸಿಟ್ಟು ಬೆಳಗಾವಿಯಲ್ಲಿ ವಿಶೇಷವಾಗಿ ಕಾಣುತ್ತದೆ. ಖಾನಾಪುರದಿಂದ, ಅದರ ಆಚೆಯ ಹಳ್ಳಿಗಳಿಂದ ದಿನಾಲು ನೂರಾರು ಜನ ಬಸ್ಸಿನಲ್ಲಿ, ರೈಲಿನಲ್ಲಿ, ಮೋಟಾರ್ ಸೈಕಲ್ಲಿನ ಮೇಲೆ ಊರಿಗೆ ಕೆಲಸಕ್ಕೆ ಬರುತ್ತಾರೆ. ಒಂದು ಕಾಲಕ್ಕೆ ಖಾನಾಪುರದ ಹೆಂಚಿನ ಕಾರ್ಖಾನೆಗಳೂ ಮಣ್ಣಿನ ಪಾತ್ರೆಗಳೂ ಸುತ್ತಲಿನವರಿಗೆ ಅಲ್ಲಿಯೇ ಅನ್ನ ಕೊಡುತ್ತಿದ್ದವು. ಸಿಮೆಂಟಿನ ಮಾಳಿಗೆಯೂ ತಗಡೂ ಬಂದ ಮೇಲೆ ಹೆಂಚಿಗೆ ಗಿರಾಕಿ ಕಡಿಮೆ. ದುಡಿಯುವ ಕೈಗಳು ಬೆಳಗಾವಿಯ ದಾರಿ ಹಿಡಿದವು.

ಮಳೆಗಾಲದಲ್ಲಿ ಆ ತಾಲೂಕಿನ ಸ್ಥಿತಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಜೂನ್ ತಿಂಗಳಿನಿಂದ ಆಕಾಶವೇ ಹರಿದು ಬೀಳುತ್ತದೆ. ಹಳ್ಳ ತುಂಬಿದರೆ ಊರಿಂದ ಊರಿಗೆ ದಾರಿ ಇಲ್ಲ. ಅಂಥ ದಿನ ಖಾನಾಪುರದವನು ಅರ್ಧ ತಾಸು ತಡವಾಗಿ ತೊಯ್ದು ತೊಪ್ಪೆಯಾಗಿ ಬರುತ್ತಾನೆ. ಊರೊಳಗಿನ ಜೊತೆಗಾರನು ಆ ಅರ್ಧ ತಾಸು ಎರಡು ಯಂತ್ರ ನೋಡಿ ಬೇಸತ್ತಿರುತ್ತಾನೆ. “ನಿನ್ನ ಸಲುವಾಗಿ ನಾನು ಸಾಯಬೇಕೇನು?” ಎನ್ನುತ್ತಾನೆ. ಅವನೂ ಸುಳ್ಳು ಹೇಳುತ್ತಿಲ್ಲ.

ಇಲ್ಲಿ ಇಬ್ಬರೂ ಸಜ್ಜನರು, ಆದರೂ ಜಗಳ. ಇದಕ್ಕೆ ಪರಿಹಾರ ಬುದ್ಧಿವಾದದಿಂದ ಸಿಗುವದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಖಾನಾಪುರದವರಿಗೆ ಎರಡನೆಯ ಪಾಳಿ ಕೊಡಿರಿ ಎಂದು ಎಲ್ಲರೂ ಕೂಡಿ ಕೇಳಬಹುದು. ಇಲ್ಲವಾದರೆ ತಡವಾಗಿ ಬಂದವನು ಸಂಜೆ ಅಷ್ಟೇ ಹೊತ್ತು ನಿಂತು, ಜೊತೆಗಾರನನ್ನು ಮೊದಲು ಬಿಟ್ಟುಕೊಡಬಹುದು. ಆದರೆ ಈ ಮಾತನ್ನು ಕಾಮಗಾರರು ತಾವೇ ಆಡಿ ಗೊತ್ತು ಮಾಡಿಕೊಳ್ಳಬೇಕು. ಅವರು ಆಡದಿದ್ದರೆ ಹಾಜರಿ ಪುಸ್ತಕದ ಕೆಂಪು ಗೆರೆ ಆಡುತ್ತದೆ. ಕೆಂಪು ಗೆರೆಗೆ ಹಳ್ಳ ತುಂಬಿದ್ದು ಗೊತ್ತಾಗುವದಿಲ್ಲ.

ಚಾಡಿಕೋರನನ್ನು ಬೆಳೆಸಿದವರು

“ಹಾಗಾದರೆ ಕೆಟ್ಟ ಮನುಷ್ಯರೇ ಇಲ್ಲವೇ? ಎಲ್ಲವೂ ಏರ್ಪಾಡಿನ ತಪ್ಪೇ?” ಎಂದು ಓದುಗರು ಕೇಳುವರು. ಇದ್ದಾರೆ. ದುಡಿಯುವವನೆಂದ ಮಾತ್ರಕ್ಕೆ ಯಾವನೂ ದೇವರಾಗುವದಿಲ್ಲ. ಬೇಕೆಂದೇ ಕೆಲಸ ತಪ್ಪಿಸುವವನು ಇದ್ದಾನೆ. ಕುಡಿದು ಬಂದು ಹೆದರಿಸುವವನು ಇದ್ದಾನೆ. ನಾಲ್ವರು ಮಾಡಿದ ಕೆಲಸವನ್ನು ತಾನೊಬ್ಬನೇ ಮಾಡಿದೆನೆಂದು ಸಾಹೇಬರ ಮುಂದೆ ಹೇಳುವವನು ಇದ್ದಾನೆ. ಇವರೆಲ್ಲರಿಗಿಂತ ಕೆಟ್ಟವನು ಚಾಡಿಕೋರ.

ಚಾಡಿಕೋರನ ಬೇರು ಎಲ್ಲಿದೆ ಎಂಬುದಕ್ಕೆ ನಮ್ಮ ಗಿರಣಿಗಳ ಇತಿಹಾಸವೇ ಸಾಕ್ಷಿ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಬಹುಕಾಲ ಜಾಬರ್ ಎಂಬವನ ಆಳಿಕೆ ನಡೆಯಿತು. ನಮ್ಮ ಕಡೆಯ ಮುಕಾದಮನ ಅಣ್ಣನೇ ಅವನು. ಅವನೂ ದುಡಿಯುವವರ ನಡುವಿನಿಂದಲೇ ಬಂದವನು. ಕೆಲಸಕ್ಕೆ ಸೇರಿಸುವದು, ತೆಗೆಯುವದು, ರಜೆ ಕೊಡುವದು ಎಲ್ಲವೂ ಅವನ ಕೈಯಲ್ಲಿ. ಹೀಗಾಗಿ ಅವನಿಗೆ ದಸ್ತೂರಿ ಕೊಡಬೇಕು, ಅವನ ಮನೆಯ ಕೆಲಸ ಮಾಡಬೇಕು, ಪಕ್ಕದವನ ಸುದ್ದಿಯನ್ನು ಅವನಿಗೆ ಮುಟ್ಟಿಸಬೇಕು. ಹೊಟ್ಟೆಯ ಕೀಲಿಕೈ ಅವನಲ್ಲಿದ್ದ ಮೇಲೆ ಮತ್ತೇನು? 1929 ರಲ್ಲಿ ನೇಮಕವಾದ ಕಾರ್ಮಿಕರ ಕುರಿತ ರಾಯಲ್ ಕಮಿಶನ್, ಅಂದರೆ ವ್ಹಿಟ್ಲೆ ಕಮಿಶನ್, 1931 ರಲ್ಲಿ ಕೊಟ್ಟ ವರದಿಯಲ್ಲಿ ಈ ಪದ್ಧತಿಯನ್ನು ಖಂಡಿಸಿತು. ಸೇರಿಸುವ, ತೆಗೆಯುವ ಅಧಿಕಾರ ಜಾಬರನ ಕೈಯಲ್ಲಿ ಇರಕೂಡದು, ಅದಕ್ಕೆ ಬೇರೆ ಅಧಿಕಾರಿ ಬೇಕು ಎಂದಿತು. 1935 ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಬದಲಿ ಕಾಮಗಾರರಿಗೆ ಚೀಟಿ ಕೊಡುವ ಪದ್ಧತಿ ಬಂದು ಜಾಬರನ ಹಿಡಿತ ಸ್ವಲ್ಪ ಸಡಿಲಾಯಿತು.

ಇದರಿಂದ ತಿಳಿಯುವದೇನು? ಜಾಬರರ ಮನಸ್ಸು ಒಳ್ಳೆಯದಾಗಲೆಂದು ಯಾರೂ ಕಾಯಲಿಲ್ಲ. ಅವರ ಕೈಯಲ್ಲಿದ್ದ ಕೀಲಿಕೈಯನ್ನು ಕಸಿದುಕೊಳ್ಳಬೇಕಾಯಿತು. ಇಂದಿನ ಚಾಡಿಕೋರನ ವಿಷಯದಲ್ಲಿಯೂ ಹಾಗೆಯೇ. ಚಾಡಿಗೆ ಬಾಯಿ ಒಂದು ಸಾಲದು. ಕೇಳುವ ಕಿವಿಯೂ ಬೇಕು. ಓವರ್‌ಟೈಮ್ ಯಾರಿಗೆ, ದೀಪಾವಳಿಯ ರಜೆ ಯಾರಿಗೆ ಎಂಬುದು ಸಾಹೇಬರ ಮರ್ಜಿಯಿಂದ ನಡೆಯುವ ಕಡೆಗೆಲ್ಲ ಚಾಡಿಕೋರರು ಹುಟ್ಟುತ್ತಾರೆ. ಪಾಳಿಯ ಪ್ರಕಾರ ಎಲ್ಲರಿಗೂ ಸಿಗುವಂತೆ ಹೆಸರು ಬರೆದು ಗೋಡೆಗೆ ಅಂಟಿಸುವ ಕಡೆಗೆ ಚಾಡಿಯ ಬೆಲೆ ಇಳಿಯುತ್ತದೆ. ಚಾಡಿಕೋರನನ್ನು ಬೈಯುವದಕ್ಕಿಂತ ಓವರ್‌ಟೈಮಿನ ಯಾದಿ ಗೋಡೆಗೆ ಬರಲಿ ಎಂದು ಕೇಳುವದು ಹೆಚ್ಚು ಫಲ ಕೊಡುವ ಕೆಲಸ.

ಮಾತನಾಡುವ ಕ್ರಮ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಅಂದಿದ್ದಾರೆ. ಏರ್ಪಾಡನ್ನು ನೋಡಿದ ಮೇಲೆಯೂ ತಪ್ಪು ಮನುಷ್ಯನದೇ ಎಂದು ಕಂಡರೆ ಏನು ಮಾಡಬೇಕು? ನನ್ನ ಅನುಭವಕ್ಕೆ ಬಂದ ಕ್ರಮ ಇದು.

ಮೊದಲನೆಯದಾಗಿ, ಅವನೊಬ್ಬನಿಗೇ ಹೇಳಿರಿ. ಯಂತ್ರದ ಗದ್ದಲದಲ್ಲಿ ಬೇಡ, ಹತ್ತು ಜನರ ಮುಂದೆ ಬೇಡ. ಚಹದ ಅಂಗಡಿಗೆ ಕರೆದುಕೊಂಡು ಹೋಗಿರಿ. ಚಹದ ದುಡ್ಡು ನೀವೇ ಕೊಡಿರಿ. ಹತ್ತು ಜನರ ಮುಂದೆ ಅಂದರೆ ಅವನು ತನ್ನ ಮಾನ ಉಳಿಸಿಕೊಳ್ಳಲು ಹೋರಾಡುತ್ತಾನೆ, ನಿಮ್ಮ ಮಾತು ಕೇಳುವದಿಲ್ಲ. ಇಂದು ಪ್ರತಿಯೊಂದು ಖಾತೆಗೆ ಒಂದು ವಾಟ್ಸಪ್ ಗುಂಪು ಆಗಿದೆ. ಅಲ್ಲಿ ಹಾಕಿದ ಒಂದು ಕಟು ಮಾತು ಐವತ್ತು ಮನೆಗಳಲ್ಲಿ ಓದಲ್ಪಡುತ್ತದೆ, ಅಳಿಸಿದರೂ ಅಳಿಯುವದಿಲ್ಲ. ಜಗಳದ ಮಾತಿಗೆ ಆ ಗುಂಪು ಬೇಡವೇ ಬೇಡ.

ಎರಡನೆಯದಾಗಿ, ಮಾಡಿದ ಕೆಲಸದ ಮಾತು ಆಡಿರಿ, ಹುಟ್ಟಿನ ಮಾತು ಆಡಬೇಡಿರಿ. “ಸೋಮವಾರ, ಬುಧವಾರ ನೀವು ಕಿರ್ದಿ ಬರೆಯದೆ ಹೋದಿರಿ, ನಾನು ಬರೆದೆ” ಎಂದರೆ ಅವನು ಉತ್ತರ ಕೊಡಲೇಬೇಕು. “ನಿಮ್ಮ ಜನರೇ ಹೀಗೆ” ಎಂದರೆ ಅವನು ತನ್ನ ಜನರನ್ನೆಲ್ಲ ಕರೆದುಕೊಂಡು ಬರುತ್ತಾನೆ.

ಮೂರನೆಯದಾಗಿ, ಅವನ ಮಾತನ್ನು ಪೂರ್ತಿ ಕೇಳಿರಿ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿರಬಹುದು. ಕೆಲಸ ಬಾರದೆ, ಬಾರದೆಂದು ಹೇಳಲು ನಾಚಿ, ಸಿಡುಕನ ವೇಷ ಹಾಕಿರಬಹುದು. ಕಂಪ್ಯೂಟರ್ ಬಂದ ಕಚೇರಿಗಳಲ್ಲಿ ಹಳೆಯ ಗುಮಾಸ್ತರ ಸಿಡುಕಿಗೆ ಅನೇಕ ವೇಳೆ ಇದೇ ಕಾರಣ. ಅಂಥವನಿಗೆ ದಿನಕ್ಕೆ ಕಾಲು ತಾಸು ಕಲಿಸಿಕೊಟ್ಟರೆ ಜಗಳವೂ ಮುಗಿಯುತ್ತದೆ, ನಿಮ್ಮ ಭಾರವೂ ಇಳಿಯುತ್ತದೆ.

ನಾಲ್ಕನೆಯದಾಗಿ, ಮಾತಿನ ಕೊನೆಗೆ ಒಂದು ಕಟ್ಟು ಆಗಲಿ. ಯಾರು ಏನು ಮಾಡಬೇಕು, ಯಾವ ದಿನದಿಂದ, ಎಂಬುದು ಸ್ಪಷ್ಟವಿರಲಿ. ಎರಡು ವಾರ ನೋಡಿರಿ. ತಪ್ಪಿದರೆ ಇಬ್ಬರಿಗೂ ಬೇಕಾದ ಇಬ್ಬರು ಹಿರಿಯ ಜೊತೆಗಾರರನ್ನು ಕೂಡಿಸಿರಿ. ಅಲ್ಲಿಯೂ ಆಗದಿದ್ದರೆ ಸಂಘಕ್ಕೆ ಬರೆದು ಕೊಡಿರಿ. ದಿನಾಂಕ ಹಾಕಿ, ನಡೆದದ್ದನ್ನು ಇದ್ದಕ್ಕಿದ್ದಂತೆ ಬರೆಯಿರಿ. ಬರೆಯಲು ಕೂತಾಗ ಅರ್ಧ ಸಿಟ್ಟು ತಾನಾಗಿ ಇಳಿಯುವದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಉಳಿದ ಅರ್ಧವೇ ನಿಜವಾದ ತಕರಾರು.

ನೆಟ್ಟಗೆ ಮಾಲಕನಿಗೇ ಹೇಳಿದರೆ ಏನು ತಪ್ಪು ಎಂದು ಕೆಲವರು ಕೇಳುತ್ತಾರೆ. ತಪ್ಪೆಂದಲ್ಲ, ನಷ್ಟ. ಮಾಲಕನಿಗೆ ಬೇಕಾದದ್ದು ನ್ಯಾಯವಲ್ಲ, ನಡೆಯುವ ಯಂತ್ರ. ಅವನು ಇಬ್ಬರಲ್ಲಿ ಕಡಿಮೆ ಪಗಾರದವನನ್ನು ಇಟ್ಟುಕೊಂಡು ಇನ್ನೊಬ್ಬನನ್ನು ಕಳಿಸಬಹುದು. ಅಥವಾ ಇಬ್ಬರನ್ನೂ ಇಟ್ಟುಕೊಂಡು ಒಬ್ಬನ ಸುದ್ದಿಯನ್ನು ಇನ್ನೊಬ್ಬನಿಂದ ತರಿಸಿಕೊಳ್ಳಬಹುದು. ಇಂದು ನೀವು ಅವನ ಕೈಗೆ ಕೊಟ್ಟ ಬಡಿಗೆ ನಾಳೆ ನಿಮ್ಮ ಬೆನ್ನಿಗೂ ಬೀಳುವದು.

ಕಾನೂನಿನ ಬಾಗಿಲು

ಮಾಲಕನ ಕೋಣೆಗೂ ಬೀದಿಯ ಹೊಡೆದಾಟಕ್ಕೂ ನಡುವೆ ಒಂದು ಬಾಗಿಲಿದೆ. ಅದನ್ನು ನಮ್ಮವರು ತಟ್ಟುವದು ಕಡಿಮೆ. 1947 ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 2010 ರಲ್ಲಿ ಆದ ತಿದ್ದುಪಡಿಯಿಂದ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದಾಯಿತು. 2020 ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025 ರ ನವೆಂಬರ್ 21 ರಂದು ಜಾರಿಗೆ ಬಂದಿತು. ಅದರಲ್ಲಿಯೂ ಈ ಸಮಿತಿ ಇದೆ. ಸಮಿತಿಯಲ್ಲಿ ಮಾಲಕನ ಕಡೆಯವರೂ ಕಾಮಗಾರರ ಕಡೆಯವರೂ ಸಮಸಮ, ಒಟ್ಟು 10 ಜನಕ್ಕೆ ಮೀರದಂತೆ; ಹೆಣ್ಣುಮಕ್ಕಳಿಗೂ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ. ತಕರಾರು ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. 30 ದಿನಗಳಲ್ಲಿ ವಿಚಾರಣೆ ಮುಗಿಯಬೇಕೆಂಬ ಆಶಯವಿದೆ. ಕಾಮಗಾರರ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪದಿದ್ದರೆ ಅದು ತೀರ್ಮಾನವೇ ಅಲ್ಲ. ಅಲ್ಲಿ ನ್ಯಾಯ ಸಿಗದಿದ್ದರೆ 60 ದಿನಗಳೊಳಗೆ ಸಂಘದ ಮೂಲಕ ರಾಜಿ ಅಧಿಕಾರಿಯ ಹತ್ತಿರ ಹೋಗಬಹುದು.

ಈ ಸಂಹಿತೆಗಳಲ್ಲಿ ಕಾಮಗಾರರಿಗೆ ನಷ್ಟದ ಮಾತುಗಳೂ ಇವೆ. ಸ್ಥಾಯೀ ಆದೇಶಗಳ ಅಧ್ಯಾಯ 300 ಅಥವಾ ಹೆಚ್ಚು ಕಾಮಗಾರರಿರುವ ಕಾರ್ಖಾನೆಗಳಿಗೆ ಮಾತ್ರ ಎಂದು ಬರೆದಿದ್ದಾರೆ. ಯಾವುದು ದುರ್ನಡತೆ, ಅದಕ್ಕೆ ಯಾವ ವಿಚಾರಣೆ ಎಂಬ ಲಿಖಿತ ನಿಯಮದ ಆಸರೆ ಇದರಿಂದ ನಮ್ಮ ಸಣ್ಣ ಶೆಡ್ಡುಗಳಿಗೆ ಸಿಗುವದಿಲ್ಲ. ಆದ್ದರಿಂದಲೇ ಸಣ್ಣ ಕಡೆಗಳಲ್ಲಿ ಜೊತೆಗಾರನ ಮೇಲೆ ಮಾಲಕನಿಗೆ ಚಾಡಿ ಹೇಳುವದು ಹೆಚ್ಚು ಅಪಾಯದ ಕೆಲಸ. ಆದರೆ 20 ಜನರಿರುವ ಕಡೆ ಸಮಿತಿ ಇರಲೇಬೇಕು. ನಿಮ್ಮ ಕಾರ್ಖಾನೆಯಲ್ಲಿ ಅದು ಇದೆಯೇ? ಇದ್ದರೆ ಅದರಲ್ಲಿ ನಿಮ್ಮ ಪ್ರತಿನಿಧಿ ಯಾರು? ಈ ವಾರವೇ ಕೇಳಿ ನೋಡಿರಿ.

ಮುಚ್ಚಿಡಬಾರದ ಮೂರು

ಇನ್ನು ಆ ಮೂರು ಮಾತು. ಇವು ಜೊತೆಗಾರರ ಜಗಳಗಳಲ್ಲ, ಅನ್ಯಾಯಗಳು.

ಮೊದಲನೆಯದು ಜಾತಿ. ಮುಂಬಯಿಯ ಗಿರಣಿಗಳಲ್ಲಿ ಹೆಚ್ಚು ಪಗಾರದ ನೇಯ್ಗೆ ಖಾತೆಗೆ ಅಸ್ಪೃಶ್ಯರೆನಿಸಿದ ಕಾಮಗಾರರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಸ ಕಂಡಿಕೆ ಹಾಕಿದಾಗ ಲಾಳಿಯ ಎಳೆಗೆ ಬಾಯಿ ಹಚ್ಚಬೇಕಾಗುತ್ತಿತ್ತು. ಅವರು ಬಾಯಿ ಹಚ್ಚಿದ ಲಾಳಿಯನ್ನು ತಾವು ಮುಟ್ಟುವದಿಲ್ಲವೆಂದು ಅಡ್ಡ ನಿಂತವರು ಮಾಲಕರಲ್ಲ, ಜೊತೆಗಾರ ನೇಕಾರರು. 1928 ರ ದೊಡ್ಡ ಮುಷ್ಕರದ ಕಾಲಕ್ಕೆ ಡಾ. ಅಂಬೇಡಕರರು ಇದನ್ನು ಮುಷ್ಕರದ ಮುಖಂಡರ ಮುಂದೆ ಇಟ್ಟು, ಈ ಅನ್ಯಾಯ ತೊಲಗಬೇಕೆಂಬುದೂ ನಿಮ್ಮ ಬೇಡಿಕೆಗಳಲ್ಲಿ ಸೇರಬೇಕೆಂದು ಹಟ ಹಿಡಿದರು. ಒಗ್ಗಟ್ಟಿನ ಹೆಸರು ಹೇಳಿ ಒಬ್ಬನ ಅನ್ನ ಕಸಿಯುವದು ಒಗ್ಗಟ್ಟಲ್ಲ ಎಂಬ ಪಾಠವನ್ನು ಕಾಮಗಾರ ಚಳವಳಿಗೆ ಅವರು ಹೀಗೆ ಕಲಿಸಿದರು. ಇಂದು ಲಾಳಿ ಬದಲಾಗಿದೆ. ಆದರೆ ಕುಡಿಯುವ ನೀರಿನ ಲೋಟ, ಬುತ್ತಿ ಬಿಚ್ಚುವಾಗ ಕೂಡ್ರುವ ಜಾಗ, ಪಾಯಖಾನೆ ತೊಳೆಯುವ ಪಾಳಿ ಇವುಗಳಲ್ಲಿ ಹಳೆಯ ರೋಗ ಇಣುಕುವದನ್ನು ಕಣ್ಣಿದ್ದವರು ನೋಡಬಹುದು. 1924 ರಲ್ಲಿ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ನಮ್ಮ ಟಿಳಕವಾಡಿಯಲ್ಲಿ ನಡೆದಾಗ ಮೇಲ್ಜಾತಿಯ ಸ್ವಯಂಸೇವಕರು ಪಾಯಖಾನೆ ಸ್ವಚ್ಛಮಾಡುವ ಕೆಲಸಕ್ಕೆ ನಿಂತರು. ಆ ನೆಲದ ಮೇಲೆ ಓಡಾಡುವ ನಾವು ಒಬ್ಬನ ಲೋಟವನ್ನು ಬೇರೆ ಇಟ್ಟರೆ ಅದು ನಮಗೆ ಶೋಭಿಸುವದಿಲ್ಲ. ಇಂಥದಕ್ಕೆ ಚಹದ ಅಂಗಡಿಯ ರಾಜಿ ಬೇಡ. 1955 ರ ಕಾಯ್ದೆಯೂ 1989 ರ ದೌರ್ಜನ್ಯ ತಡೆ ಕಾಯ್ದೆಯೂ ಇರುವದು ಇದಕ್ಕಾಗಿಯೇ.

ಎರಡನೆಯದು ಹೆಣ್ಣುಮಕ್ಕಳ ಮಾನ. “ಅವನ ಸ್ವಭಾವವೇ ಹಾಗೆ, ಚೇಷ್ಟೆ ಮಾಡುತ್ತಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ತಂಗೀ” ಎಂದು ನಮ್ಮ ಹಿರಿಯ ಕಾಮಗಾರರೇ ಬುದ್ಧಿ ಹೇಳುವದನ್ನು ಕೇಳಿದ್ದೇನೆ. ಆ ಬುದ್ಧಿಯನ್ನು ಆ ಚೇಷ್ಟೆಗಾರನಿಗೆ ಹೇಳಬೇಕಾಗಿತ್ತು. ಸುಪ್ರೀಂ ಕೋರ್ಟು 1997 ರಲ್ಲಿ ವಿಶಾಖಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬೆನ್ನಿಗೆ 2013 ರಲ್ಲಿ ಕಾಯ್ದೆ ಬಂದಿದೆ. 10 ಅಥವಾ ಹೆಚ್ಚು ಜನರಿರುವ ಕಡೆ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಅಂಗಡಿಯಲ್ಲಿ ದುಡಿಯುವ ಹುಡುಗಿಗೂ, ಮಗ್ಗಕ್ಕೆ ಕಂಡಿಕೆ ಸುತ್ತುವ ತಾಯಿಗೂ ಇದು ಅನ್ವಯಿಸುತ್ತದೆ. ಆರೋಪ ಬಂದವನು ಸಂಘದ ಸದಸ್ಯನೇ ಆಗಿದ್ದರೂ ಸಂಘವು ಅವಳ ಪಕ್ಕಕ್ಕೆ ನಿಲ್ಲಬೇಕು.

ಮೂರನೆಯದು ಜೀವ. ಭಟ್ಟಿಯ ಹತ್ತಿರ ಕುಡಿದು ನಿಲ್ಲುವವನನ್ನು, ಯಂತ್ರದ ಕಾವಲು ತಗಡನ್ನು ಬಿಚ್ಚಿಟ್ಟು ಓಡಿಸುವವನನ್ನು ಸ್ನೇಹಕ್ಕಾಗಿ ಮುಚ್ಚಿಟ್ಟರೆ ಒಂದು ದಿನ ಅವನ ಕೈಯೋ ಇನ್ನೊಬ್ಬನ ಕೈಯೋ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಆ ಕ್ಷಣವೇ ಯಂತ್ರ ನಿಲ್ಲಿಸುವದು ಚಾಡಿಯಲ್ಲ, ಗೆಳೆತನ.

ಭಾಷೆಯ ಬೆಂಕಿ

ಬೆಳಗಾವಿಯಲ್ಲಿ ಇನ್ನೊಂದು ಗಂಡಾಂತರವಿದೆ. ಒಂದೇ ಶೆಡ್ಡಿನಲ್ಲಿ ಕನ್ನಡದವನು, ಮರಾಠಿಯವನು, ಉರ್ದು ಮಾತಿನವನು ದುಡಿಯುತ್ತಾರೆ. ಹರಿದ ಎಳೆಯ ಜಗಳ ಇಲ್ಲಿ ಒಂದು ತಾಸಿನಲ್ಲಿ ಭಾಷೆಯ ಜಗಳವಾಗಬಲ್ಲದು. ಕನ್ನಡವು ಈ ನೆಲದ ಭಾಷೆ, ಅದಕ್ಕೆ ಇಲ್ಲಿ ಅದರ ಮರ್ಯಾದೆ ಸಲ್ಲಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿರ್ದಿ ಬರೆಯದವನು ಮರಾಠಿಯವನಾದ್ದರಿಂದ ಬರೆಯದೆ ಹೋದನೆಂದೂ, ತಡವಾಗಿ ಬಂದವನು ಕನ್ನಡದವನಾದ್ದರಿಂದ ತಡವಾಯಿತೆಂದೂ ಹೇಳುವವನು ಭಾಷೆಯ ಸೇವೆ ಮಾಡುತ್ತಿಲ್ಲ. ಅವನು ಸಣ್ಣ ಕಿಡಿಗೆ ಸೀಮೆಎಣ್ಣೆ ಹಾಕುತ್ತಿದ್ದಾನೆ. ಹೊರಗಿನ ಪುಢಾರಿಗಳಿಗೆ ಅದು ಬೇಕಾಗಿರಬಹುದು. ಮರುದಿನ ಅದೇ ಮಗ್ಗದ ಮುಂದೆ ನಿಲ್ಲಬೇಕಾದ ನಮಗೆ ಬೇಡ. ಕೆಲಸದ ತಕರಾರನ್ನು ಕೆಲಸದ ಮಾತಿನಲ್ಲಿಯೇ ಮುಗಿಸಿರಿ.

ಸಣ್ಣ ವ್ಯಾಪಾರಿಗಳಿಗೆ ಎರಡು ಮಾತು

ಖಡೇಬಜಾರ, ಗಣಪತ ಗಲ್ಲಿ, ರವಿವಾರ ಪೇಟೆಗಳ ಸಣ್ಣ ಅಂಗಡಿಕಾರರೂ ಈ ಪತ್ರಿಕೆ ಓದುತ್ತಾರೆ. ನಿಮ್ಮಲ್ಲಿ ಇಬ್ಬರೋ ಮೂವರೋ ಆಳುಗಳು. ನಿಮಗೆ ಸಮಿತಿ ಇಲ್ಲ, ನೀವೇ ನ್ಯಾಯಾಧೀಶರು. ನಿಮ್ಮ ಜವಾಬ್ದಾರಿ ಆದ್ದರಿಂದ ಹೆಚ್ಚಿನದು. ಒಬ್ಬನು ಇಲ್ಲದಾಗ ಇನ್ನೊಬ್ಬನು ಹೇಳಿದ ಮಾತಿನ ಮೇಲೆ ತೀರ್ಪು ಕೊಡಬೇಡಿರಿ. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಕೇಳಿರಿ. ಗಲ್ಲಾದ ಲೆಕ್ಕ ಒಬ್ಬನದು, ಮಾಲಿನ ಲೆಕ್ಕ ಒಬ್ಬನದು ಎಂದು ಬೇರ್ಪಡಿಸಿರಿ. ಇಬ್ಬರ ಕೈಯೂ ಒಂದೇ ಗಲ್ಲಾದಲ್ಲಿದ್ದರೆ ಹತ್ತು ರೂಪಾಯಿ ಕಡಿಮೆ ಬಿದ್ದ ದಿನ ಇಬ್ಬರೂ ಕಳ್ಳರಾಗುತ್ತಾರೆ. ಹಳೆಯ ದಿವಾನಜಿಗೂ ಹೊಸ ಹುಡುಗನಿಗೂ ಹಬ್ಬದ ಬಕ್ಷೀಸನ್ನು ಗುಟ್ಟಾಗಿ ಬೇರೆ ಬೇರೆ ಕೊಡಬೇಡಿರಿ. ಗುಟ್ಟು ಮೂರು ದಿನ ಬಾಳುವದಿಲ್ಲ, ಅದರಿಂದ ಹುಟ್ಟಿದ ಹೊಟ್ಟೆಕಿಚ್ಚು ಮೂರು ವರ್ಷ ಬಾಳುತ್ತದೆ. ವಾರದ ರಜೆ ಇಬ್ಬರಿಗೂ ಇರಲಿ. 1961 ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೊಟ್ಟ ಹಕ್ಕು ಅದು. ದಣಿದವನು ಬೇಗ ಜಗಳಕ್ಕೆ ಬೀಳುತ್ತಾನೆ.

ಬಂಧುಗಳೇ, ಜೊತೆಗಾರನನ್ನು ನಾವು ಆರಿಸಿಕೊಳ್ಳುವದಿಲ್ಲ. ಹೊಟ್ಟೆಪಾಡು ಅವನನ್ನು ನಮ್ಮ ಪಕ್ಕಕ್ಕೆ ತಂದು ನಿಲ್ಲಿಸಿರುತ್ತದೆ, ನಮ್ಮನ್ನು ಅವನ ಪಕ್ಕಕ್ಕೆ. ಅವನನ್ನು ಪ್ರೀತಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಪ್ರೀತಿ ಬೇಡಿಕೆಯ ಯಾದಿಯಲ್ಲಿ ಬರುವಂಥದಲ್ಲ. ಅವನ ಜೊತೆಗೆ ನ್ಯಾಯದಿಂದ ದುಡಿಯುವದು ಸಾಧ್ಯ, ಅಷ್ಟು ಸಾಕು. ಮುಂದಿನ ಸಲ ಪಕ್ಕದವನ ಮೇಲೆ ಸಿಟ್ಟು ನೆತ್ತಿಗೇರಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ನಾವಿಬ್ಬರೂ ಜಗಳಾಡಿದರೆ ಈ ವಾರ ಯಾರ ಲೆಕ್ಕದಲ್ಲಿ ಲಾಭ ಬರೆಯಲ್ಪಡುವದು? ನಿಮ್ಮ ಲೆಕ್ಕದಲ್ಲಿಯೂ ಅಲ್ಲ, ಅವನ ಲೆಕ್ಕದಲ್ಲಿಯೂ ಅಲ್ಲ ಎಂದು ಕಂಡರೆ, ಕೈ ಕೆಳಗಿಳಿಸಿ ಮಾತಿಗೆ ಕೂಡ್ರಿರಿ.